ಕನೆಕ್ಟರಿಗೊಂದು ಮರದ ದಿಮ್ಮಿ

ಬೆಸುಗೆ ಹಾಕಲು ಕೂತವನಿಗೆ ಮೊದಲು ಅರಿವಾಗುವ ಸತ್ಯವೆಂದರೆ, ಮನುಷ್ಯನಿಗೆ ಕೈಗಳನ್ನು ಹಂಚುವಾಗ ಸೃಷ್ಟಿಕರ್ತನು ಅನಗತ್ಯವಾಗಿ ಮಿತವ್ಯಯ ತೋರಿದ್ದಾನೆ ಎಂಬುದು. ಕಾದ ಸೋಲ್ಡರಿಂಗ್ ಐರನ್ನಿಗೆ ಒಂದು ಕೈ ಬೇಕು, ಬೆಸುಗೆಯ ಎಳೆಗೆ ಇನ್ನೊಂದು, ವಿದ್ಯುತ್ ತಂತಿಗೆ ಮಗದೊಂದು; ಆ ತಂತಿ ಸೇರಬೇಕಾದ, ಹೆಬ್ಬೆರಳ ತುದಿಯಷ್ಟೇ ಗಾತ್ರದ ಪ್ಲಾಸ್ಟಿಕ್ ಕನೆಕ್ಟರನ್ನು ಹಿಡಿಯುವವರು ಯಾರು? ಶಿಲ್ಪಿಗಳು ದೇವತೆಗಳಿಗೆ ನಾಲ್ಕು ಕೈ ಕಡೆದುದರ ತಾತ್ಪರ್ಯವನ್ನು ಕುರಿತು ನಾನು ಹಿಂದೆ ಪುಟಗಟ್ಟಲೆ ಬರೆದವನು. ಅದರ ಪ್ರಾಯೋಗಿಕ ಪ್ರಯೋಜನ ಹೊಳೆದದ್ದು ಮಾತ್ರ ನಿವೃತ್ತನಾದ ಮೇಲೆ, ಚಿಕ್ಕೋಡಿಯ ನಮ್ಮ ಮನೆಯ ಊಟದ ಮೇಜಿನ ಮುಂದೆ, ಬೆರಳು ಸುಟ್ಟುಕೊಂಡಾಗ.

ಈ ಸಾಹಸಕ್ಕೆ ಮೂಲ ನನ್ನ ಪತ್ನಿ ಸುಮತಿ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಆಕೆ ಒಂದು ವರ್ಷ ಕೂತು, ಹಗುರವಾದ ಹಾಳೆಗಳನ್ನು ಕೊರೆದು ಅಂಟಿಸಿ, ರಿಮೋಟಿನಿಂದ ಹಾರುವ ಪುಟ್ಟ ವಿಮಾನವೊಂದನ್ನು ಕಟ್ಟಿದ್ದಳು. ಬಾಲ್ಯದಲ್ಲಿ ಐನಾಪುರದ ಕಬ್ಬಿನ ಮೇಲೆ ಔಷಧ ಸಿಂಪಡಿಸಲು ಬಂದ ವಿಮಾನವನ್ನು ಕಂಡಂದಿನಿಂದ ಆಕೆಗೆ ಹಾರಿಸುವ ಹಂಬಲ. ಅದು ತಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಎಂದು ಆಕೆ. ಹಾಗಿರಲಾರದು, ಐದನೆಯದಿರಬೇಕು ಎಂದು ಆಕೆಯ ಅಣ್ಣನ ಜನ್ಮವರ್ಷವನ್ನು ಆಧರಿಸಿ ನಾನು.

“ವಿಮಾನ ನೋಡಿದಾಕಿ ನಾನು. ನೀವೇನ್ ಅದರಾಗ ಕುಂತಿದ್ರೇನ್?” ಎಂದು ಆಕೆ ಆ ಸಂಶೋಧನೆಗೆ ಮುಕ್ತಾಯ ಹಾಡಿದಳು.

ಕೀಲುನೋವಿನಿಂದಾಗಿ ಬೆಸುಗೆಯ ಕೆಲಸವೊಂದು ಆಕೆಗೆ ಆಗದು. ಆದ್ದರಿಂದ ಎರಡು ಬ್ಯಾಟರಿಗಳಿಗೆ ಕನೆಕ್ಟರು ಕೂಡಿಸುವ ಹೊಣೆ ನನ್ನ ಪಾಲಿಗೆ ಬಂತು. ಕೆಂಪು ತಂತಿ ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಕನೆಕ್ಟರುಗಳು ಒಂದೇ ದಿಕ್ಕಿನಲ್ಲಿ ಕೂಡುವುದರಿಂದ ತಂತಿ ಅದಲುಬದಲಾದರೆ ವಿಮಾನದೊಳಗಿನ ಮೋಟಾರು ನಡೆಸುವ ಭಾಗ ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತದೆ.

ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ನಿಪ್ಪಾಣಿಗೆ ಹೋದೆ. ಬಿಡಿಭಾಗಗಳ ಅಂಗಡಿಯ ರಫೀಕಭಾಯಿ ಕಬ್ಬಿಣದ ಪೀಠದ ಮೇಲೆ ಎರಡು ಚಿಮಟಗಳು ಬಾಯಿ ತೆರೆದು ನಿಂತ ಸಾಧನವೊಂದನ್ನು ಮುಂದಿಟ್ಟ. “ತೊಗೋರಿ ಸರ್, ತೀಸ್ರಾ ಹಾತ್. ನಿಮ್ಮ ಎರಡೂ ಕೈಗಿಂತ ಚಲೋ ಮಾತ್ ಕೇಳತೈತಿ.”

ಕೇಳಲಿಲ್ಲ. ಕಬ್ಬಿಣದ ದವಡೆ ಬೆಸುಗೆಯ ಕಾವನ್ನೆಲ್ಲ ತಾನೇ ಹೀರಿತು. ಕಾವು ಹೆಚ್ಚಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಒಳಗಿನ ಕಡ್ಡಿಗಳು ಸೊಟ್ಟಗಾದವು. ಕೊನೆಗೆ ಕಾವು ಹೀರದ ವಸ್ತುವೇ ಬೇಕೆಂದು ನಿರ್ಧರಿಸಿ, ಹಳೆಯ ಕಿಟಕಿಯ ಸಾಗುವಾನಿ ತುಂಡೊಂದರಲ್ಲಿ ಕನೆಕ್ಟರು ಬಿಗಿಯಾಗಿ ಮುಖ ಕೆಳಗಾಗಿ ಕೂರುವಂಥ ಗುಳಿ ಕೊರೆದೆ. ತಳದಲ್ಲಿ, ಎರಡು ಪಂಚಾಂಗಗಳನ್ನು ತಾಳೆ ನೋಡಿ, ನಿರ್ಮಾಣದ ತಿಥಿಯನ್ನೂ ಕೆತ್ತಿದೆ.

“ಕಟ್ಟಿಗಿ ಜಾತಕಾನೂ ಬರದ್ರಾ? ಇನ್ನ ಲಗ್ನಾ ಮಾಡೂದೊಂದ್ ಉಳೀತು” ಎಂದಳು ಸುಮತಿ.

ಇನ್ನು ಯಾವ ತಂತಿ ಯಾವ ಬದಿಗೆಂದು ತಿಳಿಯಲು ಗುಳಿಯ ಎಡಬಲಕ್ಕೆ ಕೆಂಪು, ಕಪ್ಪು ಬಣ್ಣ ಬಳಿಯಬೇಕಿತ್ತು. ವಿಮಾನದ ಕನೆಕ್ಟರನ್ನು ಎದುರಿನಿಂದ ನೋಡಿದರೆ ಕೆಂಪು ಎಡಕ್ಕಿತ್ತು. ಸಾಮಾನ್ಯನಾದವನು ಹಾಗೆಯೇ ಬಳಿಯುತ್ತಿದ್ದ. ನಾನಾದರೋ ಶಾಸನಗಳ ಮೇಲೆ ಕಾಗದವೊತ್ತಿ ಪಡಿಯಚ್ಚು ತೆಗೆದು ಆಯುಷ್ಯ ಕಳೆದವನು. ಕಲ್ಲಿಗೆ ಮುಖ ಕೊಟ್ಟ ಕಾಗದದ ಬದಿಯಲ್ಲಿ ಅಕ್ಷರ ತಿರುಗುಮುರುಗಾಗುತ್ತದೆಂದು ಬಲ್ಲವನು. ಮುಖಕ್ಕೆ ಮುಖ ಸೇರುವಲ್ಲಿ ಎಡವು ಬಲವಾಗಲೇಬೇಕೆಂದು ತರ್ಕಿಸಿ ಕೆಂಪನ್ನು ಬಲಕ್ಕೆ ಬಳಿದೆ. ಎರಡೂ ಬ್ಯಾಟರಿಗಳ ಬೆಸುಗೆ ಕನ್ನಡಿಯಂತೆ ಹೊಳೆಯಿತು. ಒಂದನ್ನು ಇನ್ನೊಂದರೊಡನೆ ತಾಳೆ ನೋಡಿದೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡು ಸಾಕ್ಷ್ಯ ಒಂದನ್ನೇ ಹೇಳಿದ ಮೇಲೆ ಸಂಶೋಧಕನಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ನಮ್ಮ ಸೀಮೆಯಲ್ಲಿ ವಿಮಾನ ಇಳಿಸಲು ಬಯಲೆಲ್ಲಿದೆ? ಎಲ್ಲೆಲ್ಲೂ ಕಬ್ಬು, ತಂಬಾಕು. ಭೋಜದ ರೈತ ಅಪ್ಪಾಸಾಬ, ಸುಮತಿಯ ಹಳೆಯ ವಿದ್ಯಾರ್ಥಿ, ಕಬ್ಬು ಕಡಿದು, ಉಳಿದ ಒಣಗರಿಯ ರವದಿ ತೆಗೆದ ತನ್ನ ಹೊಲವನ್ನು ಒಂದೇ ಒಂದು ಮುಂಜಾನೆಗೆ ಬಿಟ್ಟುಕೊಟ್ಟಿದ್ದ. “ನಾಳಿ ಟ್ರ್ಯಾಕ್ಟರ್ ಬರತೈತ್ರಿ ಅಕ್ಕಾರ. ಇವತ್ತ ಹಾರಿದ್ರ ಹಾರೀತು, ಇಲ್ಲಂದ್ರ ಮುಂದಿನ ಕಟಾವಿಗೇ.” ಗಾಳಿಯಿರಲಿಲ್ಲ. ಸುಮತಿ ಮಣ್ಣಿನಲ್ಲಿ ಮಂಡಿಯೂರಿ ಬ್ಯಾಟರಿಯನ್ನು ವಿಮಾನದ ಹೊಟ್ಟೆಯೊಳಗಿಟ್ಟಳು. ಎರಡು ಕನೆಕ್ಟರುಗಳನ್ನು ಎದುರುಬದುರು ತಂದವಳು ಅಲ್ಲಿಯೇ ತಡೆದಳು.

“ಏನ್ರೀ, ಕೆಂಪಿನೆದುರು ಕರೇದು ಬಂದೈತೆಲ್ಲ.”

“ಸಾಧ್ಯವಿಲ್ಲ. ಎರಡನ್ನೂ ತಾಳೆ ನೋಡೇನಿ.”

“ಯಾವುದರ ಜೋಡಿ?”

“ಒಂದರ ಜೋಡಿ ಒಂದನ್ನ.”

“ಅಯ್ಯ, ಎರಡೂ ಅದ ದಿಮ್ಮ್ಯಾಗ ಹುಟ್ಟ್ಯಾವ! ಒಡಹುಟ್ಟಿದವರನ್ನ ಸಾಕ್ಷಿಗೆ ಕರದ್ರ ಬ್ಯಾರೆ ಹೇಳ್ತಾರೇನು?”

ಆಗ ಹೊಳೆಯಿತು. ಮುಖಕ್ಕೆ ಮುಖ ಸೇರಿದಾಗ ಎಡಬಲ ತಿರುಗುವುದು ನಿಜವೇ. ಆದರೆ ಬೆಸುಗೆ ಹಾಕುವುದು ಬೆನ್ನಿಗೆ, ಅಲ್ಲಿ ಅದು ಮತ್ತೊಮ್ಮೆ ತಿರುಗಿ ಮೊದಲಿನಂತಾಗುತ್ತದೆ. ನನ್ನ ಪಾಂಡಿತ್ಯ ಅರ್ಧದಾರಿಯಲ್ಲಿ ಇಳಿದುಬಿಟ್ಟಿತ್ತು. ಒಂದೇ ಮೂಲದಿಂದ ನಕಲಾದ ಎರಡು ಪ್ರತಿಗಳನ್ನು ಎರಡು ಆಧಾರಗಳೆಂದು ಎಣಿಸಬಾರದೆಂದು ಎಷ್ಟು ಜನರ ಪ್ರಬಂಧಗಳ ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದಿಲ್ಲ! ಕುಶಲಕರ್ಮಿಗಳು ಜಿಗ್ ಎಂದು ಕರೆಯುವ ಇಂಥ ಹಿಡಿದಿಡುವ ದಿಮ್ಮಿ ಎಂಥ ನಿಷ್ಠಾವಂತ ಸೇವಕ, ನೋಡಿ: ಒಪ್ಪಿಸಿದ್ದನ್ನು ಅಲುಗದೆ ಹಿಡಿಯುತ್ತದೆ, ತಪ್ಪನ್ನೊಪ್ಪಿಸಿದರೆ ತಪ್ಪನ್ನೂ.

“ಬಾವಿ ಮ್ಯಾಲ ಕರೆಂಟ್ ಐತ್ರಿ ಸರ್, ಆದ್ರ ಯಾವಾಗ ಹೋಗತೈತಿ ಹೇಳಾಕ ಬರೂದಿಲ್ಲ” ಎಂದ ಅಪ್ಪಾಸಾಬ. ಉಪಕರಣದ ಚೀಲ ಸ್ಕೂಟರಿನಲ್ಲೇ ಇತ್ತು. ಪಂಪಿನ ಖೋಲಿಯಲ್ಲಿ ಕೂತು, ಈ ಸಲ ದಿಮ್ಮಿಯ ಬಣ್ಣವನ್ನು ನಂಬದೆ, ಮೂಲವಾದ ವಿಮಾನವನ್ನೇ ಪಕ್ಕಕ್ಕೆ ತರಿಸಿಕೊಂಡು, ಆ ಬ್ಯಾಟರಿಯ ಒಂದೊಂದೇ ತಂತಿಯನ್ನು ಬಿಡಿಸಿ ಅದಲುಬದಲು ಮಾಡಿದೆ. ಕೆಂಪು ಕೆಂಪಿಗೆ ಸೇರಿತು. ಮೋಟಾರು ಸಣ್ಣಗೆ ಗುನುಗಿತು.

ಅಪ್ಪಾಸಾಬ ಓಡುತ್ತ ಎಸೆದ. ವಿಮಾನ ಮೊದಲು ನೆಲಕ್ಕೆ ಬಾಗಿ, ಆಮೇಲೆ ಮನಸ್ಸು ಬದಲಿಸಿದಂತೆ ಮೇಲೆದ್ದಿತು. ಸುಮತಿಯ ನೋಯುವ ಬೆರಳುಗಳು ರಿಮೋಟಿನ ಮೇಲೆ ಹಾರ್ಮೋನಿಯಂ ನುಡಿಸುವಷ್ಟು ಹಗುರವಾಗಿದ್ದವು. ಪಕ್ಕದ ಕಬ್ಬಿನ ಸೂಲಂಗಿ ಹೂಗಳ ಮೇಲೆ ಸುತ್ತು ಹಾಕಿ ಅದು ಮೆತ್ತಗೆ ಹೊಟ್ಟೆಯೂರಿ ಇಳಿದಾಗ ಆಕೆ ಕಣ್ಣೊರೆಸಿಕೊಳ್ಳಲಿಲ್ಲ, ಸುಟ್ಟ ಗಾಯವಿನ್ನೂ ಮಾಯದ ನನ್ನ ಬೆರಳುಗಳ ಕಡೆಗಂತೂ ನೋಡಲೇ ಇಲ್ಲ. ಎರಡನೆಯ ಬ್ಯಾಟರಿಯನ್ನು ನನ್ನತ್ತ ಚಾಚಿದಳು.

“ಇದನ್ನೂ ಹೊಳ್ಳಿಸ್ರಿ. ಲಗೂನ. ಕರೆಂಟ್ ಹೋಗೂದ್ರೊಳಗ.”

ನಾನು ಓಡಿದೆ.