ವಾಢವಾ ಎಂಬ ಗುಂಡಿ

ಚಿನ್ನವ್ವ, ಮುದ್ದಪ್ಪ,

ಶಾಲೆಯಲ್ಲಿ ನಿಮಗೆ ಬೇರೆ ಹೆಸರುಗಳಿವೆ. ನನ್ನ ಬಾಯಿಗೆ ಬರುವುದು ಇವೇ, ಅದಕ್ಕೆ ಇವನ್ನೇ ಬರೆದಿದ್ದೇನೆ. ಬೀದರ ಸೀಮೆಯ ನನ್ನ ತವರೂರಿನಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಎಂದೂ ಇರಲಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ.

ಹೋದ ದೀಪಾವಳಿಗೆ ಬಂದಾಗ ನೀವಿಬ್ಬರೂ ಕೇಳಿದಿರಿ: "ಆಯಿ, ಮುತ್ಯಾ ಕಂಪ್ಯೂಟರದಾಗ ನಿನಗ ಏನ್ ಬರದಿದ್ದಾ?" ನಾನು, "ಎಲ್ಲಾರ್ನೂ ಚಂದ ನೋಡ್ಕೋ ಅಂತ ಬರದಿದ್ರು" ಎಂದೆ. ಅದು ಸುಳ್ಳು. ನಿಮ್ಮ ಮುತ್ಯಾ, ನನ್ನ ಯಜಮಾನರು, ಏನು ಬರೆದಿದ್ದರೋ ನನಗೆ ಗೊತ್ತಿಲ್ಲ. ಒಂದು ಸಾಲು ಓದಿದೆ. ಉಳಿದದ್ದು ನನ್ನ ಬೆರಳಿನಿಂದಲೇ ಹೋಯಿತು.

ಆ ಒಂದು ಸಾಲು ತಿಳಿಯಬೇಕಾದರೆ ಒಂದು ಹಳೆಯ ದಿನದ ಸಂಗತಿ ಹೇಳಬೇಕು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಉದಗೀರದಲ್ಲಿದ್ದ ಅವರ ಅಕ್ಕನ ಮನೆಯಿಂದ ಉಮರ್ಗಾಕ್ಕೆ ಮರಳುತ್ತಿದ್ದೆವು. ನಿಲಂಗಾದಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ನನ್ನನ್ನು ಕೂಡಿಸಿ, "ನೀ ಇಲ್ಲೇ ಕುಂದ್ರು, ಈಗ ಬಂದೆ" ಎಂದು ಹೋದರು. ಆಗ ಬೆಳಗಿನ ಹತ್ತು ಗಂಟೆ. ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಎದ್ದು ಹೋದರೆ ಅವರಿಗೆ ಸಿಗುವುದಿಲ್ಲವೇನೋ ಎಂದು ನೀರಿಗೂ ಏಳದೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವರ ಕಣ್ಣು ಕೆಂಪಗಿದ್ದವು. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು. "ಉಂಡೇನು?" ಎಂದು ಕೇಳಿದರು. ಅಷ್ಟೇ. ಬಸ್ಸು ಬಂತು, ಹತ್ತಿದೆವು.

ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಕೇಳಲಿಲ್ಲ. ಮರುದಿನ ಆ ಗುಂಡಿ ಹಚ್ಚಿಕೊಟ್ಟೆ, ಆಗಲೂ ಕೇಳಲಿಲ್ಲ. ಹೀಗೆ ನಲವತ್ತೊಂದು ವರ್ಷವಾಯಿತು. ನಿಲಂಗಾ ದಾಟುವಾಗಲೆಲ್ಲ ಅವರು ನನ್ನನ್ನು ಕಿಟಕಿಯ ಬದಿಗೆ ಕೂಡಿಸಿ ತಾವು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಆ ಬೆಂಚು ನೋಡುತ್ತಿದ್ದೆ. ಇನ್ನೊಬ್ಬಳಿದ್ದಳೋ, ಯಾರಾದರೂ ಹೊಡೆದಿದ್ದರೋ, ನನ್ನನ್ನು ಅಲ್ಲೇ ಬಿಟ್ಟು ಹೋಗಬೇಕೆಂದು ಹೊರಟು ಮನಸ್ಸಾಗದೆ ತಿರುಗಿ ಬಂದರೋ. ರೊಟ್ಟಿ ಬಡಿಯುವಾಗ, ಕಸ ಗುಡಿಸುವಾಗ ಇದೇ ವಿಚಾರ. ಹೆಚ್ಚಾಗಿ ಕಡೆಯದೇ ನಿಜವೆನಿಸುತ್ತಿತ್ತು.

ಉಮರ್ಗಾದಲ್ಲಿ ಅವರ ಅಂಗಡಿ ನಿಮಗೆ ನೆನಪಿರಬೇಕು. ಹಗ್ಗ, ದನ ಕಟ್ಟುವ ದಾವಣಿ, ಮೂಗುದಾರ, ಕುರಿಯ ಕೊರಳಿನ ಗಂಟೆ. ನಾನು ಆ ಅಂಗಡಿಗೆ ಹೋದದ್ದು ಬಹಳವಾದರೆ ಹತ್ತು ಸಲ. ಅಂಗಡಿ ಅವರದು, ಅಡಿಗೆಮನೆ ನನ್ನದು. ಆಮೇಲೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು, ನಾಲಿಗೆ ಹೊರಳದಾಯಿತು. ಬುದ್ಧಿ ಮಾತ್ರ ಮೊದಲಿನ ಹಾಗೆ ಚುರುಕಾಗಿತ್ತು. ಮಂಚದ ಕಾಲಿಗೆ ಅಂಗಡಿಯದೇ ಒಂದು ಗಂಟೆ ಕಟ್ಟಿದೆ. ಬೇಕಾದಾಗ ಬಾರಿಸುತ್ತಿದ್ದರು. ಬಾರಿಸಿದರೆ ಓಡಿ ಬರುತ್ತಿದ್ದೆ, ಆದರೆ ಏನು ಬೇಕೆಂದು ತಿಳಿಯದೆ ನಾನೂ ಅಳುತ್ತಿದ್ದೆ, ಅವರೂ ಅಳುತ್ತಿದ್ದರು.

ಅದನ್ನು ನೋಡಲಾರದೆ ನಿಮ್ಮವ್ವ ಉದಗೀರದಿಂದ ತನ್ನ ಹಳೆಯ ಲ್ಯಾಪ್‌ಟಾಪ್ ತಂದು ಮಂಚದ ಮೇಲೆ ಮರದ ಪಾಟು ಹಾಕಿ ಇಟ್ಟಳು. ಬ್ರೌಸರ್ ಎಂಬ ಒಂದು ಕಿಟಕಿ ಇರುತ್ತದಂತೆ. ಅದನ್ನು ಅಪ್ಪನ ಕೈಗೆ ಒಗ್ಗುವಂತೆ ಎರಡು ದಿನ ಕೂತು ಮಾರ್ಪಡಿಸಿದಳು. ಮೇಲಿದ್ದ ಟ್ಯಾಬುಗಳನ್ನು ಎಡಗೈಗೆ ಸಿಗಲೆಂದು ಎಡಕ್ಕೆ ಸಾಲಾಗಿ ಇಳಿಸಿದಳು. ಮನೆಯದಕ್ಕೆ ಹಸಿರು, ಬಜಾರದ್ದಕ್ಕೆ ಹಳದಿ, ಬೀರಪ್ಪನ ಹಾಡುಗಳಿಗೆ ಕೆಂಪು ಬಣ್ಣ ಕೊಟ್ಟಳು. ಎಕ್ಸ್‌ಟೆನ್ಶನ್ ಎಂದು ಹೊರಗಿನಿಂದ ಸೇರಿಸುವ ಸಣ್ಣ ಸಣ್ಣ ಸಲಕರಣೆಗಳಂತೆ, ಅಂಥವು ನಾಲ್ಕೈದು ಹಾಕಿದಳು. ಒಂದು, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡಿಸುವುದು. ಇನ್ನೊಂದು, ಮೂಡಿದ್ದನ್ನು ಗಟ್ಟಿಯಾಗಿ ಓದುವುದು. ಮತ್ತೊಂದು, ಟ್ಯಾಬುಗಳನ್ನು ಒಟ್ಟುಮಾಡಿ ಇಡುವುದು. ನಿಮ್ಮ ಮುತ್ಯಾ ಆ ಸಾಲು ನೋಡಿ ಮೊದಲು ಬರೆದ ಮಾತು: "ದಾವಣಿಗಿ ದನ ಕಟ್ಟಿದಂಗ ಆತು."

ಅವರು ಮರಾಠಿ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ಕನ್ನಡ ಆಡುತ್ತಿದ್ದರು, ಬರೆಯಲು ಬರುತ್ತಿರಲಿಲ್ಲ. ಹೊಸದರಲ್ಲಿ ನಾನು ತವರಿಗೆ ಹೋದಾಗ ಕಾಗದ ಬರೆದವರಲ್ಲ. ಮರಾಠಿಯಲ್ಲಿ ಬರೆದರೆ ನಾನು ಓದುವುದು ಹೇಗೆ? ನಾನು ಅವರ ಕೈಯ ಕನ್ನಡ ಮೊದಲು ಕಂಡದ್ದು ಆ ಪರದೆಯ ಮೇಲೆ, ಎಡಗೈಯ ಒಂದೇ ಬೆರಳಿನಿಂದ. "ಚಹಾ" ಎಂದು ಬರೆದರು. ಒಳಗಿನಿಂದ ಯಾವಳೋ ಹೆಂಗಸು "ಚಹಾ" ಎಂದಳು. ನನಗೆ ನಾಚಿಕೆಯಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡೆ. ಅವರು ಸೊಟ್ಟ ಬಾಯಲ್ಲಿ ನಕ್ಕರು. ಪಕ್ಕದ ಮನೆಯ ಮರಾಠಿ ಹೆಂಗಸು ಗೋಡೆಯಾಚೆಯಿಂದ ಕೂಗಿದಳು: "ಕಾಯ ಕಾಕೂ, ಕಾಕಾಂನೀ ಸವತ ಆಣಲೀ ಕೀ ಘರಾತ!" ಮನೆಗೆ ಸವತಿ ಬಂದಳಲ್ಲ ಎಂದು. ಆ ದಿನಗಳಲ್ಲಿ ನಾವು ನಕ್ಕದ್ದೂ ಉಂಟು.

ಒಂದೇ ತೊಂದರೆ. ತೆರೆದ ಟ್ಯಾಬನ್ನು ಅವರು ಮುಚ್ಚುತ್ತಿರಲಿಲ್ಲ. ಸೋಯಾಬೀನಿನ ಧಾರಣೆ, ಮಳೆಯ ಸುದ್ದಿ, ಹಾಡು, ನನಗೆ ಹೇಳಿದ ಮಾತು, ಒಂದೊಂದಕ್ಕೂ ಒಂದು ಟ್ಯಾಬು, ಎಲ್ಲವೂ ಹಾಗೇ. ಕಂಪ್ಯೂಟರ್ ಕುಂಟತೊಡಗಿತು. ನಿಮ್ಮವ್ವ ಬಂದು ತಲೆ ಹಿಡಿದುಕೊಂಡಳು.

"ಅಪ್ಪಾ, ನೂರಾ ಹದಿನಾಕ ಟ್ಯಾಬ್ ಇಟ್ಟೀರಿ! ಮುಚ್ಚು ಅಂತ ಗುಂಡಿ ಮಾಡಿಕೊಟ್ಟೀನಿ, ಒತ್ತಬಾರದೇನ್ರೀ?"

ಅವರು ಬೆರಳಿನಿಂದ ಬರೆದರು: "ಮುಚ್ಚು ಅನಬ್ಯಾಡ. ಅಪಶಕುನ."

"ಮತ್ತೇನ್ ಅನ್ಲಿ?"

"ದುಕಾನ ಮುಚ್ಚತಾರೇನು? ವಾಢವತಾರ."

"ಆತ ಬಿಡ್ರಿ ಶೇಟಜೀ, ಹಂಗೇ ಬರೀತೀನಿ" ಎಂದು ನಕ್ಕು, ನಿಮ್ಮವ್ವ ಆ ಕೆಂಪು ಗುಂಡಿಯ ಮೇಲಿನ ಮಾತು ಅಳಿಸಿ ಮರಾಠಿ ಅಕ್ಷರದಲ್ಲಿ 'ವಾಢವಾ' ಎಂದು ಬರೆದಳು. ಅಂದಿನಿಂದ ಅವರು ಸಂಜೆಗೊಮ್ಮೆ ಅಂಗಡಿಯ ಬಾಗಿಲು ಎಳೆಯುವ ಹಾಗೆ ಬೇಡವಾದ ಟ್ಯಾಬುಗಳನ್ನು ಒಂದೊಂದೇ ವಾಢವಿಸತೊಡಗಿದರು.

ಈ ಮಾತುಕತೆ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಆಗ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಆ ಸಪ್ಪಳದಲ್ಲಿ ನಗು ಮಾತ್ರ ಕೇಳಿಸಿತ್ತು.

ಅಂಗಡಿಯವರಿಗೆ ಆ ಮಾತೆಂದರೆ ಬಾಗಿಲು ಹಾಕುವುದು. ನಮ್ಮ ಅಡಿಗೆಮನೆಯಲ್ಲಿ ಹಾಗಲ್ಲ. "ಗ್ಯಾಸ್ ವಾಢವ" ಎಂದರೆ ಉರಿ ಜಾಸ್ತಿ ಮಾಡು. "ಟಿವಿ ಆವಾಜ ವಾಢವ" ಎಂದರೆ ದನಿ ಏರಿಸು. ಎಲ್ಲ ಹೆಚ್ಚು ಮಾಡುವ ಮಾತು. ನಾನು ಬದುಕಿದ್ದು ಆ ಅರ್ಥದೊಳಗೆ.

ಒಂದು ಶ್ರಾವಣದಲ್ಲಿ ಅವರು ಮಧ್ಯಾಹ್ನದ ಹೊತ್ತು ಏನೋ ಬರೆಯತೊಡಗಿದರು. ನಾನು ಹತ್ತಿರ ಬಂದರೆ ಎಡಗೈಯಿಂದ ಪರದೆ ಮಣಿಸುತ್ತಿದ್ದರು. ಅಕ್ಷರಗಳನ್ನು ಇರುವೆಯಷ್ಟು ಸಣ್ಣ ಮಾಡಿಕೊಂಡಿದ್ದರು. ಆ ಹೆಂಗಸಿನ ದನಿಯನ್ನೂ ನಿಲ್ಲಿಸಿದ್ದರು. ಹೀಗೆ ಒಂಬತ್ತು ದಿನ. ಒಂಬತ್ತನೆಯ ದಿನ ಗಂಟೆ ಬಾರಿಸಿದರು. ಹಿಟ್ಟಿನ ಕೈಯಲ್ಲೇ ಹೋದೆ. ಪರದೆಯನ್ನು ನನ್ನ ಕಡೆ ತಿರುಗಿಸಿ ಬೆರಳು ತೋರಿಸಿದರು. ಓದು ಎಂದು.

ಅವರ ಎದುರಿಗೆ ಓದಲು ನನಗೆ ಸಂಕೋಚವಾಯಿತು. ಚಷ್ಮಾ ಬೇರೆ ನಿಮ್ಮ ಮನೆಯಲ್ಲೇ ಮರೆತು ಬಂದಿದ್ದೆ. "ಕೈ ತೊಳಕೊಂಡು ಓದತೀನ್ರೀ, ನೀವು ಸ್ವಲ್ಪ ಮಲಗ್ರಿ" ಎಂದೆ. ಅವರು ನನ್ನನ್ನೇ ನೋಡುತ್ತ ಮಲಗಿದರು. ಕಣ್ಣು ಹತ್ತಿದ್ದು ನೋಡಿ ಮೆಲ್ಲಗೆ ಕೂತೆ. ಮೂಗು ತಾಗುವಷ್ಟು ಹತ್ತಿರ ಹೋಗಿ ಮೊದಲ ಸಾಲು ಕೂಡಿಸಿ ಓದಿದೆ.

"ಆವತ್ತ ನಿಲಂಗಾದಾಗ ನಿನ್ನ ಕೂಡಿಸಿ ಹೋದ್ನಲ್ಲ, ಅದ ಯಾಕಂದ್ರ"

ಮುಂದೆ ಪುಟ ತುಂಬ ಇತ್ತು. ಕಣ್ಣಲ್ಲಿ ನೀರು ಬಂದು ಒಂದಕ್ಷರವೂ ಬಿಡಿಯಾಗಿ ಕಾಣದಾಯಿತು. ಅಕ್ಷರ ದೊಡ್ಡದು ಮಾಡಲು ಬರುತ್ತದೆ ಎಂದು ನಿಮ್ಮವ್ವ ಹೇಳಿದ್ದು ನೆನಪಾಯಿತು, ಎಲ್ಲಿ ಎಂಬುದು ನೆನಪಾಗಲಿಲ್ಲ. ಹುಡುಕಿದೆ. ಮೂಲೆಯಲ್ಲಿ ಕೆಂಪು ಗುಂಡಿ ಕಂಡಿತು. ಬಸ್ಸಿನ ಬೋರ್ಡು ಓದುವಷ್ಟು ಮರಾಠಿ ನನಗೂ ಬರುತ್ತದೆ. ವಾಢವಾ. ಹೆಚ್ಚು ಮಾಡಿ.

ಒತ್ತಿದೆ.

ಪುಟ ಹೋಗಿ ಸೋಯಾಬೀನಿನ ಧಾರಣೆ ಬಂತು. ಅದು ಎಲ್ಲೋ ಕೆಳಗಿರಬೇಕು, ಬರುತ್ತದೆ ಎಂದುಕೊಂಡು ಕಾದೆ. ಎಡಗಡೆಯ ಸಾಲಿನಲ್ಲಿ ಹುಡುಕಿದೆ. ಹಸಿರಿನಲ್ಲಿ ಇಲ್ಲ, ಹಳದಿಯಲ್ಲಿ ಇಲ್ಲ. ಅಷ್ಟರಲ್ಲಿ ಗಂಟೆ ಸಣ್ಣಗೆ ಅಲುಗಿತು. ತಿರುಗಿದರೆ ಅವರು ಎಚ್ಚರಾಗಿದ್ದರು. ನನ್ನ ಒದ್ದೆ ಮುಖ ನೋಡಿದರು. ಹುಬ್ಬು ಏರಿಸಿದರು. ಓದಿದೆಯಾ ಎಂದು.

ನಾನು ತಲೆಯಾಡಿಸಿದೆ. ಹೂಂ ಎಂದು.

ಯಾಕೆ ಹಾಗೆ ಮಾಡಿದೆ ಎಂದು ನೀವು ಕೇಳಬಹುದು. ಒಂಬತ್ತು ದಿನದ ದುಡಿಮೆ ಕಳೆದೆ ಎಂದು ಹೇಗೆ ಹೇಳಲಿ ಅನಿಸಿತು. ಆಮೇಲೆ ಹೇಳಿದರಾಯಿತು ಅನಿಸಿತು. ಅವರು ನನ್ನ ಕೈ ಹಿಡಿದು ಎದೆಯ ಮೇಲೆ ಇಟ್ಟುಕೊಂಡು ಅತ್ತರು. ಲಕ್ವಾ ಆದ ಮೇಲೆ ಅಷ್ಟು ಹಗುರಾದ ಮುಖ ನಾನು ನೋಡಿರಲಿಲ್ಲ. ಅದನ್ನು ಕೆಡಿಸಲು ಬಾಯಿ ಬರಲಿಲ್ಲ.

ಅದಾದ ಮೇಲೆ ನಾಲ್ಕು ದಿನ ಅವರು ಮನೆಯಲ್ಲೇ ಇದ್ದರು. ಬೆರಳು ಆಡುತ್ತಿತ್ತು. "ಹೋಯ್ತ್ರೀ, ಇನ್ನೊಮ್ಮೆ ಬರೀರಿ" ಎಂದು ನಾನು ಹೇಳಿದ್ದರೆ ಬರೆಯುತ್ತಿದ್ದರು. ನಾಲ್ಕು ದಿನವೂ ಚಹಾ ಕೊಟ್ಟೆ, ಗಂಜಿ ಕುಡಿಸಿದೆ, ಹಾಸಿಗೆ ಬದಲಿಸಿದೆ. ಹೇಳಲಿಲ್ಲ.

ಐದನೆಯ ದಿನ ಇನ್ನೊಂದು ಸಲ ಹೊಡೆಯಿತು. ನಿಮ್ಮಪ್ಪ ಕಾರು ತಂದರು, ಉದಗೀರಕ್ಕೆ ಒಯ್ದೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ನಿಲಂಗಾ ಬಂದಾಗ, ಕಣ್ಣು ಮುಚ್ಚಿದ್ದವರಿಗೆ ಹೇಗೆ ತಿಳಿಯಿತೋ, ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಈಗ ನಿನಗೂ ಗೊತ್ತಲ್ಲ ಎನ್ನುವ ಹಾಗೆ. ನಾನು ಮತ್ತೆ ತಲೆಯಾಡಿಸಿದೆ. ಎರಡು ದಿನದ ಮೇಲೆ ದವಾಖಾನೆಯಲ್ಲಿ ಹೋದರು.

ಉಮರ್ಗಾದ ಮನೆಗೆ ತಂದು, ಹೆಣ ಎತ್ತುವ ಮೊದಲು ಹೆಂಗಸರು ಸುತ್ತ ಕೂತಾಗ ಪಕ್ಕದ ಮನೆಯವಳು, ಅದೇ ಸವತಿಯ ಮಾತಾಡಿದವಳು, ನನ್ನ ಕೈ ಹಿಡಿದು ಅಳುತ್ತ ಹೇಳಿದಳು: "ಬಾಂಗಡ್ಯಾ ವಾಢವಾ." ಬಳೆ ಒಡೆಯಿರಿ ಎನ್ನಬಾರದು, ಹಾಗೆನ್ನಬೇಕು. ಅದು ನನಗೂ ಮೊದಲಿನಿಂದ ಗೊತ್ತಿದ್ದ ಮಾತೇ. ಬಳೆ ಒಡೆದವು. ಆ ಸಪ್ಪಳದಲ್ಲಿ ಕೆಂಪು ಗುಂಡಿಯ ಮೇಲೆ ಬರೆದದ್ದರ ಅರ್ಥ ಏನೆಂದು ನನಗೆ ತಿಳಿಯಿತು. ಎಲ್ಲರೂ ಗಂಡನಿಗಾಗಿ ಅಳುತ್ತಿದ್ದಾಳೆ ಎಂದುಕೊಂಡರು.

ಹದಿಮೂರು ದಿನ ಕಳೆದ ಮೇಲೆ ನಿಮ್ಮವ್ವನನ್ನು ಅಡಿಗೆಮನೆಗೆ ಕರೆದು ಹೇಳಿದೆ. ಅವಳು ಲ್ಯಾಪ್‌ಟಾಪ್ ತೆಗೆದು ಬಹಳ ಹೊತ್ತು ಹುಡುಕಿದಳು. ಆಮೇಲೆ ಮುಚ್ಚಿ ಅದರ ಮೇಲೆ ಹಣೆ ಇಟ್ಟಳು.

"ಯವ್ವಾ, ಅಪ್ಪ ಬರದದ್ದ ಕಳೀಬಾರ್ದಂತ ಇದರಾಗ ಇನ್ನೊಂದ ಎಕ್ಸ್‌ಟೆನ್ಶನ್ ಹಾಕಿದ್ದೆ. ಟ್ಯಾಬ್ ಹೋದ್ರೂ ಏಳ ದಿನ ತನಕ ಬರದದ್ದ ಕಾಯ್ದಿಡತದ. ಆಮ್ಯಾಲ ತಾನೇ ಅಳಸತದ."

"ಏಳ ದಿನ?"

"ಹೂಂ. ಒಂದ ಫೋನ್ ಮಾಡಬಾರದಿತ್ತೇನ ನೀ? ಒಂದ ಮಾತ?"

ಅವಳು ಮತ್ತೆ ಕೇಳಲಿಲ್ಲ. ನಿಮಗೂ ಹೇಳದೆ ನನ್ನ ಮಾನ ಕಾಯ್ದಳು. ಉಳಿದದ್ದು ಆ ಟ್ಯಾಬಿನ ಹೆಸರು ಮಾತ್ರ, ಒಂದು ಪಟ್ಟಿಯಲ್ಲಿತ್ತು. 'ಹೆಸರಿಲ್ಲದ ಪುಟ' ಎಂದಿತ್ತು.

ಹೋದ ವರ್ಷ ಉದಗೀರಕ್ಕೆ ನಿಮ್ಮಲ್ಲಿಗೆ ಬರುವಾಗ ನಾನು ತಡವಾಗಿ ಬಂದೆನಲ್ಲ, ಬಸ್ಸು ಕೆಟ್ಟಿತ್ತು ಎಂದೆ. ಕೆಟ್ಟಿರಲಿಲ್ಲ. ನಿಲಂಗಾದಲ್ಲಿ ಇಳಿದಿದ್ದೆ. ಕಲ್ಲು ಬೆಂಚು ಈಗ ಇಲ್ಲ, ಕಬ್ಬಿಣದ ಕುರ್ಚಿಗಳಿವೆ. ಸುಮಾರು ಅದೇ ಜಾಗ ನೋಡಿ ಕೂತೆ. ಅಲ್ಲಿಂದ ಎತ್ತ ನಡೆದು ಹೋಗಿದ್ದರು, ಎಡಕ್ಕೋ ಬಲಕ್ಕೋ, ಅದೂ ನೆನಪಿಲ್ಲ. ಯಾರನ್ನು ಕೇಳಲಿ? ಅವರ ಅಕ್ಕ ಇಲ್ಲ, ಆ ಕಾಲದ ಗೆಳೆಯರಿಲ್ಲ. ಪೇರಲಹಣ್ಣು ಮಾರುವವಳು ನಾಲ್ಕನೆಯ ಸಲ ನನ್ನ ಮುಂದೆ ಹಾದಾಗ ಬುಟ್ಟಿ ಇಳಿಸಿ ಕೇಳಿದಳು: "ಕುಠಂ ಜಾಯಚಂಯ ಮಾವಶೀ?" ಎಲ್ಲಿಗೆ ಹೋಗಬೇಕು ಎಂದು. "ಕುಠಂಚ ನಾಯ" ಎಂದೆ. ಎಲ್ಲಿಗೂ ಇಲ್ಲ. ಅವಳು ಒಂದು ಹಣ್ಣು ನನ್ನ ಕೈಗಿಟ್ಟು ಹೋದಳು.

ಅವರು ಹಗುರಾಗಿ ಹೋದರು. ನನ್ನ ಕ್ಷಮೆ ಸಿಕ್ಕಿತು ಎಂದುಕೊಂಡು ಹೋದರು. ಏನನ್ನು ಕ್ಷಮಿಸಿದೆನೋ ನನಗೇ ಗೊತ್ತಿಲ್ಲ. ಕ್ಷಮಿಸುವಂಥದ್ದೇ ಆಗಿತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಹತ್ತರಲ್ಲಿ ಒಂದು ದಿನ, ಅದು ಸಣ್ಣ ಸಂಗತಿ ಇದ್ದೀತು ಅನಿಸುತ್ತದೆ. ಉಳಿದ ದಿನ ಹಾಗನಿಸುವುದಿಲ್ಲ. ನಾನು ಸಾಯುವವರೆಗೂ ಆ ಬೆಂಚಿನ ಮೇಲಿಂದ ಏಳುವ ಹಾಗಿಲ್ಲ.

ಚಿನ್ನವ್ವ, ನಿನ್ನ ಅಕ್ಷರ ಚಂದ, ಬೇಕಾದರೆ ಕೈಯಲ್ಲಿ ನಕಲು ಮಾಡಿಕೋ, ಆದರೆ ಇದನ್ನು ಕಂಪ್ಯೂಟರಿಗೆ ಹಾಕಬೇಡ. ಮುದ್ದಪ್ಪ, ನಿನಗೆ ಕನ್ನಡ ಓದಲು ಬರುವುದಿಲ್ಲ, ಅಕ್ಕ ಓದಿ ಹೇಳಲಿ. ಈ ಸಲ ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ. ಹಾಳೆಗಳನ್ನು ನಿಮ್ಮ ಮುತ್ಯಾನ ಅಂಗಡಿಯ ಹಗ್ಗದಿಂದಲೇ ಕಟ್ಟಿದ್ದೇನೆ. ಓದಿದ ಮೇಲೆ ಹಾಗೇ ಕಟ್ಟಿ, ನಿಮ್ಮವ್ವನ ಕಬ್ಬಿಣದ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗೆ, ನೀರು ತಾಗದ ಹಾಗೆ ಇಟ್ಟುಬಿಡಿ. ಕಳೆಯಬೇಡಿ.