ತಾಂಡೂರಿನ ಮಿಕ್ಸರ್

ತಾಂಡೂರಿನ ಬೀಗರು ಮದುವೆಯ ಮಂಟಪದಲ್ಲಿ ನನ್ನನ್ನು ಅವಮಾನಿಸಿದರು; ಅದರ ಸೇಡಿಗೆ ನಾನು ಅವರ ಮಗಳ ಎದುರು ಸುಳ್ಳು ಸಾಕ್ಷಿ ಹೇಳಿದೆ. ಮೊದಲನೆಯದನ್ನು ಇಷ್ಟು ವರ್ಷ ಕಂಡವರಿಗೆಲ್ಲ ಹೇಳಿಕೊಂಡಿದ್ದೇನೆ. ಎರಡನೆಯದನ್ನು ಯಾರಿಗೂ ಹೇಳಿಲ್ಲ.

ಮದುವೆಯ ಉಡುಗೊರೆ ಕೊಡುವ ಆಹೇರದ ಹೊತ್ತಿಗೆ ಮೊದಲ ಶಾಲು ವರನ ತಂದೆಗೆ ಸಲ್ಲಬೇಕು. ಬೀಗರು ಅದನ್ನು ನನ್ನ ತಮ್ಮನಿಗೆ ಹೊದಿಸಿ, ಆಮೇಲೆ ನನ್ನನ್ನು ಹುಡುಕಿದರು. ಜನರ ಗರ್ದಿಯಲ್ಲಿ ಕಾಣಲಿಲ್ಲ ಎಂದರು. ನಾನು ಅವರ ಎದುರಿಗೇ ಕುಳಿತಿದ್ದೆ. ಅದು ತಪ್ಪು — ಇಂದಿಗೂ ತಪ್ಪೆಂದೇ ಹೇಳುತ್ತೇನೆ.

ಸೊಸೆ ಸುವರ್ಣಾ ತವರಿನಿಂದ ತಂದ ಮಿಕ್ಸರನ್ನು ನಾರಾಯಣಖೇಡದ ನಮ್ಮ ಅಡುಗೆಮನೆಯಲ್ಲಿ ಹಚ್ಚಿದಾಗಲೆಲ್ಲ ಟ್ರಿಪ್ ಸ್ವಿಚ್ ಬೀಳತೊಡಗಿತು. ಕರೆಂಟು ಎಲ್ಲಾದರೂ ಸೋರಿದರೆ ತಾನಾಗಿ ಬಿದ್ದು ಜೀವ ಉಳಿಸುವ ಆ ಸ್ವಿಚ್ಚನ್ನು ನನ್ನ ಮಗ ಬಸವರಾಜ ಅಡುಗೆಮನೆಗೆ ಮಾತ್ರ ಕೂಡಿಸಿದ್ದ. ಅಲ್ಲಿದ್ದದ್ದು ಒಂದು ದೀಪ, ಒಂದೇ ಪ್ಲಗ್ಗು. ದೀಪ ಉರಿಯುತ್ತಿತ್ತು, ಅದೇ ಪ್ಲಗ್ಗಿನಲ್ಲಿ ಫೋನು ಚಾರ್ಜ್ ಆಗುತ್ತಿತ್ತು. ಮಿಕ್ಸರ್ ಹಚ್ಚಿದರೆ ಮಾತ್ರ ಟಕ್ಕೆಂದು ಕತ್ತಲೆ. ಗೋಡೆಯ ಪ್ಲಗ್ಗು ಬಿಚ್ಚಿ ಹೊಸದು ಹಾಕಿದೆವು, ಬಿತ್ತು. ಮಿಕ್ಸರನ್ನು ಒರೆಸಿ ಬಿಸಿಲಿಗಿಟ್ಟು ಹಚ್ಚಿದೆವು, ಬಿತ್ತು.

"ಶಾಲಿನಂಗ ಇದನ್ನೂ ಗರ್ದಿಯೊಳಗ ನೋಡಲಾರದೆ ಕೊಟ್ಟಾರ," ಎಂದು ನನ್ನ ಹೆಂಡತಿ ನಕ್ಕಳು.

ಸುವರ್ಣಾ ನಗಲಿಲ್ಲ. "ಮಾವಾರ, ಎದುರು ಮನ್ಯಾಗೂ ಇಂಥದೇ ಸ್ವಿಚ್ ಅದ. ಅಲ್ಲಿ ಹಚ್ಚಿ ನೋಡ್ರಿ. ಅಲ್ಲೂ ಬಿತ್ತಂದ್ರ ನಮ್ಮಪ್ಪಗ ನಾನೇ ಹೇಳ್ತೀನಿ," ಎಂದಳು.

ಪರೀಕ್ಷೆ ನ್ಯಾಯವಾದದ್ದೇ. ನಮ್ಮ ಉಳಿದ ಕೋಣೆಗಳಲ್ಲಿ ಆ ಸ್ವಿಚ್ ಇರಲಿಲ್ಲ. ಅಲ್ಲಿ ತಿರುಗಿದ್ದರೆ ಏನೂ ಸಾಬೀತಾಗುತ್ತಿರಲಿಲ್ಲ. ನಾನೇ ಮಿಕ್ಸರನ್ನು ಎತ್ತಿಕೊಂಡು ಹೋದೆ. ಎದುರು ಮನೆಯವರು ಹೊಲಕ್ಕೆ ಹೋಗಿದ್ದರು. ಕಿವಿ ಕೇಳದ ಅಜ್ಜಿಯೊಬ್ಬರು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದರು. ಹಚ್ಚಿದೆ. ಮಿಕ್ಸರ್ ತಿರುಗಿತು. ನಿಲ್ಲಿಸಿ ಮತ್ತೆ ಹಚ್ಚಿದೆ, ಮತ್ತೆ ತಿರುಗಿತು. ಸ್ವಿಚ್ ಅಲುಗಲಿಲ್ಲ.

ರಸ್ತೆ ದಾಟಿ ಬರುವಾಗ ನಿಜ ಹೇಳಬೇಕೆಂದೇ ಇದ್ದೆ — ಇದ್ದೆನೇ? ನೆನಪಾದದ್ದು ತಮ್ಮನ ಹೆಗಲ ಮೇಲಿನ ಶಾಲು.

"ಅಲ್ಲೂ ಬಿತ್ತು," ಎಂದೆ.

ಬೀಗರು ತಾಂಡೂರಿನಿಂದ ಬಂದರು. ತಮ್ಮ ಕಡೆಯಿಂದ ತಪ್ಪಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕೈಮುಗಿದು, ಮಿಕ್ಸರನ್ನು ಟವೆಲಿನಲ್ಲಿ ಕಟ್ಟಿಕೊಂಡು, ಚಹಾ ಕುಡಿಯದೆ ಬಸ್ಸಿಗೆ ಹೋದರು. ನನಗೆ ಆಗ ಸಮಾಧಾನವಾಯಿತು. ಅದನ್ನೂ ಬರೆದಿಡುತ್ತೇನೆ.

ಬಸವರಾಜ ಜಹೀರಾಬಾದಿನಿಂದ ಹೊಸ ಮಿಕ್ಸರ್ ತಂದ. ಅದನ್ನು ಹಚ್ಚಿದಾಗಲೂ ಸ್ವಿಚ್ ಬಿತ್ತು. ಎಲೆಕ್ಟ್ರಿಷಿಯನ್ ಗೋಡೆ ಒಡೆದು ನೋಡಿದ. ಪ್ಲಗ್ಗಿನ ನೇರಕ್ಕೆ ಮೇಲೆ, ಕ್ಯಾಲೆಂಡರಿಗೆಂದು ನಾನು ಹೊಡೆದ ಮೊಳೆ ಒಳಗಿನ ನ್ಯೂಟ್ರಲ್ ಮತ್ತು ಅರ್ತಿಂಗ್ ತಂತಿಗಳ ಹೊದಿಕೆ ಸೀಳಿ ಎರಡನ್ನೂ ಕೂಡಿಸಿತ್ತು. ಹೆಚ್ಚು ಕರೆಂಟು ಎಳೆದಾಗ ಮಾತ್ರ ಸೋರಿಕೆ ಸ್ವಿಚ್ ಬೀಳುವಷ್ಟಾಗುತ್ತಿತ್ತು.

ಎಲ್ಲರ ಮುಂದೆ ಸುವರ್ಣಾ ಕೇಳಿದಳು: "ಹಂಗಾದ್ರ ಎದುರು ಮನ್ಯಾಗ ಯಾಕ ಬಿತ್ರಿ, ಮಾವಾರ?"

"ಆ ಮಿಕ್ಸರೂ ಕೆಟ್ಟಿರಬೇಕವ್ವಾ," ಎಂದೆ.

"ಗ್ವಾಡಿನೂ ಕೆಟ್ಟಿತ್ತು, ಮಿಕ್ಸರೂ ಕೆಟ್ಟಿತ್ತು. ಹೋಗ್ಲಿ ಬಿಡು," ಎಂದು ಮಗ ತೀರ್ಪು ಕೊಟ್ಟ. ಅವಳು ನನ್ನ ಮುಖ ನೋಡಲಿಲ್ಲ. ಮತ್ತೆಂದೂ ಕೇಳಲಿಲ್ಲ. ಅವಳಿಗೆ ಅಂದೇ ಗೊತ್ತಾಗಿತ್ತು — ನನಗೂ ಅದು ಗೊತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಕೊಡೆ ಹರಿದರೂ, ಚಪ್ಪಲಿ ಕಿತ್ತರೂ "ತಾಂಡೂರ ಮಾಲ್" ಎನ್ನುವುದು ರೂಢಿಯಾಯಿತು. ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮಾತು. ಬರುಬರುತ್ತ ಅದು ವಸ್ತುಗಳನ್ನು ಬಿಟ್ಟು ಅವಳಿಗೇ ಅಂಟಿಕೊಂಡಿತು. ಮೊನ್ನೆ ಅವಳಿಗೆ ಜ್ವರ ಬಂದು ಮಲಗಿದ್ದಾಗ ಮೊಮ್ಮಗಳು ಹಾಸಿಗೆಯ ಬಳಿ ನಿಂತು, "ಅವ್ವಾ, ನೀ ತಾಂಡೂರ ಮಾಲೇನ?" ಎಂದಳು. ನಾವು ನಕ್ಕೆವು. ಸುವರ್ಣಾಳೂ ನಕ್ಕಳು. ಅವಳು ಆ ನಗುವನ್ನು ಎಷ್ಟು ಚೆನ್ನಾಗಿ ರೂಢಿಸಿಕೊಂಡಿದ್ದಾಳೆಂದು ನಾನು ಕಂಡದ್ದು ಅಂದೇ.

ನಾಳೆ ಎಲ್ಲರೂ ಊಟಕ್ಕೆ ಕುಳಿತಾಗ ಇದನ್ನು ಓದುತ್ತೇನೆ. ಆಮೇಲೆ ತಾಂಡೂರಿಗೆ ಹೋಗಿ ಬೀಗರ ಮುಂದೆಯೂ ಓದುತ್ತೇನೆ. ಶಾಲಿನ ಮಾತು ಎತ್ತುವುದಿಲ್ಲ. ಸುಳ್ಳು ನನ್ನದು, ಅದರಲ್ಲಿ ಯಾರಿಗೂ ಪಾಲಿಲ್ಲ.

ಆದರೆ ಮನೆಯವರೇ, ಒಂದು ಮಾತು ಕೇಳಲೇಬೇಕು. ಆ ಮಿಕ್ಸರ್ ಯಾವ ರಿಪೇರಿಯೂ ಇಲ್ಲದೆ, ಇಂಥದೇ ಸ್ವಿಚ್ ಇರುವ ತಾಂಡೂರಿನ ಮನೆಯಲ್ಲಿ ಇಂದಿಗೂ ತಿರುಗುತ್ತಿದೆ. ಹೋದಾಗಲೆಲ್ಲ ಅದರ ಸದ್ದು ಕೇಳಿದ್ದೇವೆ, ಅದರಲ್ಲಿ ಮಾಡಿದ ಶೇಂಗಾ ಚಟ್ನಿಪುಡಿಯನ್ನು ಹೊಗಳಿ ಎರಡೆರಡು ಸಲ ಹಾಕಿಸಿಕೊಂಡಿದ್ದೇವೆ. ಉಂಡು, ಕೈತೊಳೆದು, ಮನೆಗೆ ಬಂದು — ನಾನೂ ಸೇರಿ ನಾವೆಲ್ಲ — ಯಾವ ಬಾಯಿಂದ ಅವಳಿಗೆ ಆ ಮಾತು ಅಂದೆವು?