ಶಿವನನ್ನು ಊಟಕ್ಕೆ ಕರೆದ ಮಾತು

ಬಹುಕಾಲ ಸಂಸ್ಕೃತ ಕಲಿಸಿದವನಿಗೆ ಇತರರ ಮಾತನ್ನು ತಿದ್ದುವುದು ಪುಣ್ಯಕಾರ್ಯವೆಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯಿಂದ ನಾನು ಎಸಗಿದ ಒಂದು ಅಪಚಾರವನ್ನು ಇಲ್ಲಿ ಬರೆದಿಡುತ್ತೇನೆ.

ಹಳಿಯಾಳದ ಪ್ರೌಢಶಾಲೆಯಲ್ಲಿ ನನ್ನ ಬಳಿ ಓದಿದ ಹೆಣ್ಣುಮಗಳೊಬ್ಬಳು ಈಗ ದಾಂಡೇಲಿಯ ತನ್ನ ಮನೆಯಲ್ಲಿ ಕುಳಿತು ಅನಿಮೇಷನ್ ಚಿತ್ರಗಳನ್ನು ಮಾಡುತ್ತಾಳೆ. ತಂದೆ ಪೇಪರ್ ಮಿಲ್ಲಿನ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದು ನೆಲೆಸಿದವರು. ಅವರ ತಾಯಿಯೂ ಜೊತೆಯಲ್ಲಿಯೇ ಇದ್ದಾರೆ. ಆ ಅಜ್ಜಿಗೆ ಕಿವಿ ಹೋಗಿ ವರ್ಷಗಳೇ ಕಳೆದಿದ್ದವು. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಕಳೆದ ವರ್ಷ ಕಣ್ಣೂ ಮಂಜಾಗತೊಡಗಿತು. ನರ ಒಣಗುತ್ತಿದೆ, ಇರುವಷ್ಟು ದೃಷ್ಟಿ ಕೆಲವು ತಿಂಗಳು ಉಳಿಯಬಹುದು ಎಂದು ವೈದ್ಯರು ಹೇಳಿದರು. ಅಜ್ಜಿ ಹೇಳುತ್ತಿದ್ದ ಕಥೆಯನ್ನು ಅಷ್ಟರೊಳಗೆ ಅಜ್ಜಿಯ ಕಣ್ಣಿಗೆ ತೋರಿಸಬೇಕೆಂದು ಮೊಮ್ಮಗಳು ಚಿತ್ರಕ್ಕೆ ಕೈಹಾಕಿದಳು. ಅದನ್ನು ಒಂದು ಚಿತ್ರೋತ್ಸವಕ್ಕೆ ಕಳಿಸುವ ಆಸೆಯೂ ಅವಳಿಗಿತ್ತು.

ಕಥೆ ಚಿಕ್ಕದು. ಗೌರಿ ತವರಿಗೆ ಬಂದಿದ್ದಾಳೆ. ಕರೆದೊಯ್ಯಲು ಬಂದ ಶಿವನ ಜಟೆಯನ್ನೂ ಕೊರಳ ಹಾವನ್ನೂ ಕಂಡು ಓಣಿಯ ಹೆಂಗಸರು ನಗುತ್ತಾರೆ. ಅವನು ಮುನಿದು ಹೊರಗಿನ ಕಟ್ಟೆಯ ಮೇಲೆಯೇ ಕೂಡುತ್ತಾನೆ. ಯಾರು ಕರೆದರೂ ಏಳುವುದಿಲ್ಲ. ಕೊನೆಗೆ ಗೌರಿಯ ತಾಯಿ ಬಿಸಿರೊಟ್ಟಿ ಹಿಡಿದು ಹೊಸ್ತಿಲಿಗೆ ಬಂದು ಕರೆಯುತ್ತಾಳೆ. ಶಿವ ಎದ್ದು ಒಳಗೆ ಬರುತ್ತಾನೆ.

ಅಜ್ಜಿಯ ದನಿಯನ್ನು ಫೋನಿನಲ್ಲಿ ಹಿಡಿದು, ಬರಹಕ್ಕಿಳಿಸಿ, ಭಾಷೆಯನ್ನೊಮ್ಮೆ ನೋಡಿಕೊಡಿರೆಂದು ಅವಳು ನನಗೆ ಕೊಟ್ಟಳು. ತಾಯಿ ಕರೆಯುವಲ್ಲಿ ‘ಬಾರಪಾ, ಉಣ್ಣ ಬಾ’ ಎಂದಿತ್ತು. ದಿನವೂ ರುದ್ರ ಹೇಳಿ ಅಭಿಷೇಕ ಮಾಡುವ ನನಗೆ ಅದು ಸಹ್ಯವಾಗಲಿಲ್ಲ. ‘ಹೇ ಪರಮೇಶ್ವರಾ, ಭೋಜನಕ್ಕೆ ದಯಮಾಡಿಸಬೇಕು’ ಎಂದು ತಿದ್ದಿದೆ. ಗುರುವಿನ ತಿದ್ದುಪಡಿಯನ್ನು ಅವಳು ಪ್ರಶ್ನಿಸಲಿಲ್ಲ. ಶಿಕ್ಷಕಿಯೊಬ್ಬರಿಂದ ಓದಿಸಿ, ಆ ದನಿಗೆ ಸರಿಯಾಗಿ ಬಾಯಿಗಳನ್ನು ಬರೆದಳು. ಪ, ಬ, ಮಗಳ ಪವರ್ಗ ಬಂದಲ್ಲೆಲ್ಲ ತುಟಿ ಮುಚ್ಚಿದ ಚಿತ್ರ, ಆಕಾರಕ್ಕೆ ತೆರೆದ ಬಾಯಿ. ಒಂದು ಮಾತಿಗೆ ಹತ್ತಾರು ಚಿತ್ರಗಳು. ಓಷ್ಠ್ಯವೆಂದು ನಾನು ಹಲಗೆಯ ಮೇಲೆ ಬರೆದದ್ದನ್ನು ಅವಳು ಒಂದೊಂದು ತುಟಿಯಾಗಿ ಬರೆಯುತ್ತಿದ್ದಳು.

ಚಿತ್ರ ಮುಗಿದ ದಿನ ನನ್ನನ್ನೂ ಕರೆದಳು. ಅಜ್ಜಿ ಕಂಪ್ಯೂಟರಿನ ಪರದೆಗೆ ಮುಖ ತಾಗುವಷ್ಟು ಸಮೀಪ ಕುಳಿತರು. ಹೆಂಗಸರು ನಕ್ಕಾಗ ನಕ್ಕರು, ಶಿವ ಮುನಿದಾಗ ಲೊಚಗುಟ್ಟಿದರು. ತಾಯಿ ಹೊಸ್ತಿಲಿಗೆ ಬಂದಳು, ಬಾಯಿ ತೆರೆದಳು. ಅಜ್ಜಿಯ ಹುಬ್ಬು ಗಂಟಾಯಿತು.

“ಇಷ್ಟುದ್ದ ಏನ್ ಮಾತಾಡ್ತಾಳಕಿ? ರೊಟ್ಟಿ ಆರಿ ಹೋಗ್ತಾವ.”

ಮೊಮ್ಮಗಳು ನಿಧಾನವಾಗಿ ತುಟಿಯಾಡಿಸಿ ನನ್ನ ವಾಕ್ಯವನ್ನು ತಿಳಿಸಿದಳು. ಬರೆದವನು ನಾನೇ ಎಂದು ಒಪ್ಪಿಕೊಂಡೆ. ಅಜ್ಜಿ ನನ್ನ ಕಡೆ ತಿರುಗಿದರು.

“ನಿಮ್ಮ ಅತ್ತಿ ನಿಮ್ಮನ್ನ ಹಿಂಗ ಕರೀತಿದ್ರೇನ್ರಿ ಮಾಸ್ತರ? ಹಂಗಾರ ನೀವು ಉಪಾಸ ಎದ್ದು ಬಂದಿರಬೇಕು.”

ಮನೆಯವರು ನಕ್ಕರು. ಅಜ್ಜಿ ನಗಲಿಲ್ಲ.

“ಇದು ದೇವರನ್ನ ಕರದಂಗಾತು. ಅಳಿಯನ್ನ ಕರದಂಗಾಗ್ಲಿಲ್ಲ. ಹಿಂಗ ಕರದ್ರ ಅಂವಾ ಏಳೂದಿಲ್ಲ.”

ಇದು ತಮ್ಮ ಕಥೆಯಲ್ಲವೆಂದು ಹೇಳಿ, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಉತ್ಸವಕ್ಕೆ ಕಳಿಸಲು ನಾಲ್ಕು ದಿನಗಳಿದ್ದವು. ಇದ್ದ ಹಾಗೆಯೇ ಕಳಿಸಿಬಿಡು, ಅಜ್ಜಿಗೆಂದು ಆಮೇಲೆ ಬೇರೆ ಮಾಡಬಹುದು ಎಂದು ಅವಳ ತಂದೆ ಹೇಳಿದರು. ಆಮೇಲೆ ಎಂಬುದು ಅಜ್ಜಿಯ ಕಣ್ಣಿಗೆ ಇರಲಿಲ್ಲ. ಅವಳು ಅಜ್ಜಿಯ ಹಳೆಯ ದನಿಯನ್ನೇ ಹಾಕಿ, ಮಾತು ಬರುವ ಕಡೆಯಲ್ಲೆಲ್ಲ ಬಾಯಿಗಳನ್ನು ಮೊದಲಿನಿಂದ ಬರೆಯಲು ಕುಳಿತಳು. ನೋಡಿ ಬರೆಯಲು ಬಾಯೊಂದು ಬೇಕಿತ್ತು. ಅಜ್ಜಿಗೆ ಹಲ್ಲಿಲ್ಲ, ತುಟಿಗಳು ಒಳಸರಿದಿವೆ. ನಾನು ಕೂಡುತ್ತೇನೆ ಎಂದೆ.

ದಿನವೂ ಬಸ್ಸಿನಲ್ಲಿ ದಾಂಡೇಲಿಗೆ ಹೋಗಿ ಅವಳ ಮುಂದೆ ಕುಳಿತೆ. ‘ಬಾರಪಾ’ ಎನ್ನಿ ಸರ್, ಎನ್ನುವಳು. ನನ್ನ ನಾಲಗೆ ಮೊದಲ ದಿನ ಏಳಲಿಲ್ಲ. ಇಷ್ಟು ವಯಸ್ಸಾದರೂ ನಾನು ಆ ಸ್ವಾಮಿಯನ್ನು ಏಕವಚನದಲ್ಲಿ ಮನೆಯೊಳಗೆ ಕರೆದವನಲ್ಲ. ಗರ್ಭಗುಡಿಯ ಹೊಸ್ತಿಲಾಚೆ ನಿಂತು ಸ್ತುತಿಸಿದವನು. ಮರುದಿನ ಹೇಳಿದೆ. ತುಟಿ ಕೂಡಿ, ತೆರೆದು, ಮತ್ತೆ ಕೂಡಿ ತೆರೆಯಿತು. ಅಷ್ಟೇ ಮಾತು. ಇನ್ನೊಮ್ಮೆ ಎಂದಳು. ಎಷ್ಟು ಸಲ ಕರೆದೆನೋ ತಿಳಿಯದು.

ಉತ್ಸವಕ್ಕೆ ಕಳಿಸುವ ದಿನ ಕಳೆದುಹೋಯಿತು. ನಾನು ಕ್ಷಮೆ ಕೇಳಲು ಹೋದರೆ, ಕತ್ತನ್ನು ಸ್ವಲ್ಪ ಎತ್ತಿ ಹಿಡಿಯಿರಿ ಸರ್, ಎಂದಳು.

ಮೂರು ವಾರಗಳ ಮೇಲೆ ಅಜ್ಜಿಯನ್ನು ಮತ್ತೆ ಕೂಡಿಸಿದೆವು. ಎಡಗಣ್ಣು ಆಗಲೇ ಪೂರ್ಣ ಹೋಗಿತ್ತು. ಬಲಗಣ್ಣನ್ನು ಪರದೆಗೆ ಹಿಡಿದು ನೋಡಿದರು. ತಾಯಿ ರೊಟ್ಟಿ ಹಿಡಿದು ಹೊಸ್ತಿಲಿಗೆ ಬಂದು ಕರೆದಳು. ಅಜ್ಜಿಯ ಬೊಚ್ಚುಬಾಯಿ ಅವಳ ಜೊತೆಗೇ ಮೂರು ಸಲ ಕೂಡಿ ತೆರೆಯಿತು. ಕಟ್ಟೆಯ ಮೇಲಿನ ಶಿವ ಎದ್ದನು.

“ಎದ್ದ ನೋಡು,” ಎಂದರು ಅಜ್ಜಿ. ಮತ್ತೊಮ್ಮೆ ಹಾಕೆಂದು ಮೊಮ್ಮಗಳ ಕೈ ಮುಟ್ಟಿದರು.